ಲಿನಕ್ಸ್ ಪ್ಯಾಕೇಜ್ ಮೇಂಟೇನರ್ ಆಗೋಕೆ ಎಲ್ಲಿಂದ ಶುರು ಮಾಡೋದು? ಮಾಡಿರೋರು ಅನುಭವ ಹೇಳಿ

ಐದಾರು ವರ್ಷದಿಂದ ಡೆಬಿಯನ್ ಲಿನಕ್ಸ್ ಬಳಸ್ತಿದ್ದೀನಿ. ಶೆಲ್ ಸ್ಕ್ರಿಪ್ಟು, ಪೈಥಾನು, ಗಿಟ್ಟು ಬರುತ್ತೆ, ಸಿ ಓದಿದ್ರೆ ಅರ್ಥ ಆಗುತ್ತೆ, ಬರೆಯೋದು ಕಷ್ಟ. ಇಷ್ಟು ದಿನ ಬಿಟ್ಟಿಯಾಗಿ ತಗೊಂಡಿದ್ದಕ್ಕೆ ಏನಾದ್ರೂ ವಾಪಸ್ ಮಾಡ್ಬೇಕು ಅನ್ನಿಸ್ತಿದೆ. ಡೆಬಿಯನ್‌ನಲ್ಲಿ ಇನ್ನೂ ಇಲ್ದಿರೋ ಒಂದು ಸಣ್ಣ ಟೂಲ್‌ನ ಪ್ಯಾಕೇಜ್ ಮಾಡಿ ಸೇರಿಸೋಣ ಅಂತ ಇದ್ದೀನಿ, ಇದು ಸರಿನಾ?

—

ಹೊಸ ಪ್ಯಾಕೇಜಿಂದ ಶುರು ಮಾಡ್ಬೇಡಿ, ಮೊದಲು ಈಗಾಗ್ಲೇ ಇರೋದನ್ನ ನೋಡ್ಕೊಳ್ಳಿ.

ನಾನು ನಿಮ್ಮ ಥರಾನೇ ಶುರು ಮಾಡಿದ್ದು. ಎರಡು ಸಂಜೆಲಿ ಬಿಲ್ಡ್ ಆಯ್ತು, ಪ್ಯಾಕೇಜ್ ಚೆಕ್ ಮಾಡೋ ಲಿಂಟಿಯನ್ ಒಂದೂ ತಪ್ಪು ತೋರಿಸ್ಲಿಲ್ಲ, ನನ್ನ ಪರವಾಗಿ ಅಪ್‌ಲೋಡ್ ಮಾಡೋ ಸ್ಪಾನ್ಸರ್ ಸಿಕ್ಕಿದ್ರು, ಅಪ್‌ಲೋಡೂ ಆಯ್ತು. ಹೊಸ ಪ್ಯಾಕೇಜ್ ಯಾವ್ದೇ ಬಂದ್ರೂ ಲೈಸೆನ್ಸ್ ಎಲ್ಲಾ ಸರಿ ಇದ್ಯಾ ಅಂತ ಕೂತು ನೋಡಿದ್ಮೇಲೇನೇ ಒಳಗೆ ಬಿಡೋದು, ನಂದು ಅಲ್ಲಿ ವಾಪಸ್ ಬಂತು. ಕಾರಣ ನೋಡಿದ್ರೆ ಡಾಕ್ಯುಮೆಂಟೇಶನ್ ಫೋಲ್ಡರ್‌ನಲ್ಲಿ ಒಂದು ಮಿನಿಫೈ ಮಾಡಿದ (ಓದೋಕೆ ಕಷ್ಟ ಆಗೋ ಹಾಗೆ ಕುಗ್ಗಿಸಿದ) ಜಾವಾಸ್ಕ್ರಿಪ್ಟ್ ಫೈಲ್ ಇತ್ತು, ಅದರ ಲೈಸೆನ್ಸ್ ಬೇರೆ, ಮೂಲ ಸೋರ್ಸ್ ಜೊತೇಲಿಲ್ಲ, ನಾನು ಕಾಪಿರೈಟ್ ಫೈಲಲ್ಲಿ ಬರೆದೂ ಇರ್ಲಿಲ್ಲ. ತಪ್ಪು ಪೂರ್ತಿ ನಂದೇ. ಅವತ್ತಿಂದ ಟಾರ್‌ಬಾಲ್ (ಸೋರ್ಸ್ ಎಲ್ಲಾ ಒಟ್ಟಿಗೆ ಕಟ್ಟಿರೋ ಫೈಲ್) ಬಿಚ್ಚಿದ ತಕ್ಷಣ ಒಂದೊಂದು ಫೋಲ್ಡರೂ ತೆರೆದು ನೋಡ್ತೀನಿ.

ನೀವು ಹೀಗೆ ಮಾಡಿ. ಡೆವ್‌ಸ್ಕ್ರಿಪ್ಟ್ಸ್ ಅನ್ನೋ ಪ್ಯಾಕೇಜ್ ಹಾಕ್ಕೊಂಡು ಡಬ್ಲ್ಯುಎನ್‌ಪಿಪಿ-ಅಲರ್ಟ್ ಅನ್ನೋ ಕಮಾಂಡ್ ಕೊಡಿ, ನಿಮ್ಮ ಮಷೀನಲ್ಲಿ ಇನ್‌ಸ್ಟಾಲ್ ಆಗಿರೋದ್ರಲ್ಲಿ ಯಾವ್ದು ಮೇಂಟೇನರ್ ಇಲ್ದೆ ಅನಾಥ ಆಗಿದೆ, ಯಾವುದರ ಮೇಂಟೇನರ್ ಬೇರೆಯವರು ವಹಿಸ್ಕೊಳ್ಳಲಿ ಅಂತ ಕಾಯ್ತಿದ್ದಾರೆ ಎಲ್ಲಾ ಬರುತ್ತೆ. ನೀವು ನಿಜವಾಗ್ಲೂ ಬಳಸೋದನ್ನೇ ಆರಿಸ್ಕೊಳ್ಳಿ, ಇದು ಮುಖ್ಯ, ಯಾಕಂದ್ರೆ ಅಪ್‌ಡೇಟ್ ಮಾಡಿದ್ಮೇಲೆ ಏನೋ ಕೆಟ್ಟಿದೆ ಅಂತ ಮೊದಲು ಗೊತ್ತಾಗೋದು ದಿನಾ ಬಳಸೋರಿಗೇನೇ.

ಯುಸ್ಕ್ಯಾನ್ ಓಡಿಸಿ ಹೊಸ ವರ್ಶನ್ ಎಳ್ಕೊಂಡಾಗ ಮೊದಲು ಮುರಿಯೋದು ಹಳೇ ಪ್ಯಾಚ್‌ಗಳು, ಅಂದ್ರೆ ಡೆಬಿಯನ್‌ನವರು ಮೂಲ ಕೋಡಿಗೆ ಮಾಡ್ಕೊಂಡಿರೋ ಬದಲಾವಣೆಗಳು. ಅದನ್ನ ಹೇಗೋ ಬಲವಂತವಾಗಿ ಕೂರಿಸೋಕೆ ಹೋಗ್ಬೇಡಿ, ಅಪ್‌ಸ್ಟ್ರೀಮ್‌ನವರು (ಆ ಟೂಲ್ ಬರೆಯೋ ಮೂಲ ಡೆವಲಪರ್‌ಗಳು) ಅದನ್ನ ಆಗ್ಲೇ ಸೇರಿಸ್ಕೊಂಡಿದ್ದಾರಾ ನೋಡಿ, ಎಷ್ಟೋ ಸಲ ಸೇರಿಸ್ಕೊಂಡಿರ್ತಾರೆ, ಆಗ ಪ್ಯಾಚ್ ಕಿತ್ತು ಹಾಕಿ ಚೇಂಜ್‌ಲಾಗಲ್ಲಿ ಒಂದು ಸಾಲು ಬರೆದ್ರೆ ಮುಗೀತು. ಆಮೇಲೆ ಬಿಲ್ಡ್ ಯಾವಾಗ್ಲೂ ಎಸ್‌ಬಿಲ್ಡ್ ಒಳಗೇ ಮಾಡಿ. ನಿಮ್ಮ ಮಷೀನಲ್ಲಿ ಏನೇನೋ ಲೈಬ್ರರಿ ಮೊದಲೇ ಇರುತ್ತೆ, ಅಲ್ಲಿ ಬಿಲ್ಡ್ ಆಯ್ತು ಅಂದ್ರೆ ಲೆಕ್ಕಕ್ಕಿಲ್ಲ, ಎಸ್‌ಬಿಲ್ಡ್ ಖಾಲಿ ಸಿಸ್ಟಮಲ್ಲಿ ಶುರು ಮಾಡೋದ್ರಿಂದ ಕಂಟ್ರೋಲ್ ಫೈಲಲ್ಲಿ ಬರೆಯೋಕೆ ಮರೆತ ಬಿಲ್ಡ್ ಡಿಪೆಂಡೆನ್ಸಿ ಅಲ್ಲಿ ಸಿಕ್ಕಿಬೀಳುತ್ತೆ.

ಶುರುವಲ್ಲಿ ನೀವೇ ಅಪ್‌ಲೋಡ್ ಮಾಡೋಕಾಗಲ್ಲ, ಡೆಬಿಯನ್ ಡೆವಲಪರ್ ಒಬ್ರು ನೋಡಿ ಮಾಡ್ಬೇಕು. ಒಂಟಿಯಾಗಿ ಸ್ಪಾನ್ಸರ್ ಹುಡುಕೋದು ನಿಧಾನ. ಪೈಥಾನ್ ಬರುತ್ತೆ ಅಂದ್ರಲ್ಲ, ಪೈಥಾನ್ ಟೀಮ್ ಸೇರ್ಕೊಳ್ಳಿ, ಅಲ್ಲಿ ನಿಮ್ಮ ಕೆಲಸ ನೋಡೋರು ಇರ್ತಾರೆ. ಕೆಲಸ ನೋಡಿ ನಂಬಿಕೆ ಬಂದ್ಮೇಲೆ ಡೆಬಿಯನ್ ಮೇಂಟೇನರ್ ಆದ್ರೆ ನಿಮಗೆ ಅನುಮತಿ ಕೊಟ್ಟಿರೋ ಪ್ಯಾಕೇಜ್‌ಗಳನ್ನ ನೀವೇ ಅಪ್‌ಲೋಡ್ ಮಾಡ್ಬಹುದು.

—

ನಾನು ಫೆಡೋರಾ ಅನ್ನೋ ಇನ್ನೊಂದು ಲಿನಕ್ಸ್ ಕಡೆಯವನು. ಅಲ್ಲೂ ಸ್ಪಾನ್ಸರ್ ಬೇಕೇ ಬೇಕು. ಸ್ಪೆಕ್ ಫೈಲ್ (ಪ್ಯಾಕೇಜ್ ಹೇಗೆ ಕಟ್ಟೋದು ಅಂತ ಹೇಳೋದು) ಬರೆದು, ಎಸ್‌ಬಿಲ್ಡ್ ಥರದ ಮಾಕ್‌ನಲ್ಲಿ ಬಿಲ್ಡ್ ಮಾಡಿ, ಸ್ವಂತ ಪ್ಯಾಕೇಜ್ ಇಡೋ ಕೋಪರ್‌ನಲ್ಲಿ ಹಾಕಿ ಕೆಲವು ದಿನ ಬಳಸಿ ನೋಡಿ, ಆಮೇಲೆ ರಿವ್ಯೂಗೆ ಹಾಕಿ. ನನಗೆ ದಾರಿ ಸುಲಭ ಆಗಿದ್ದು ಬೇರೆಯವರ ಪ್ಯಾಕೇಜ್ ರಿವ್ಯೂ ಮಾಡಿದ್ದರಿಂದ. ಅಧಿಕಾರ ಇಲ್ದಿದ್ರೂ ಫೆಡೋರಾ-ರಿವ್ಯೂ ಅನ್ನೋ ಟೂಲ್ ಓಡಿಸಿ ಏನೇನು ಸರಿ ಇಲ್ಲ ಅಂತ ವಿವರವಾಗಿ ಬರೀಬಹುದು. ನಾಲ್ಕೈದು ಮಾಡೋಷ್ಟರಲ್ಲಿ ಪ್ಯಾಕೇಜಿಂಗ್ ನಿಯಮ ಎಲ್ಲಾ ತಲೇಲಿ ಕೂತಿತ್ತು, ಸ್ಪಾನ್ಸರ್‌ಗೂ ನನ್ನ ಕೆಲಸ ಕಣ್ಣಿಗೆ ಬಿತ್ತು.

—

ಪ್ಯಾಚ್ ವಿಷಯ ಬಂತಲ್ಲ, ಅದಕ್ಕೆ ಸೇರಿಸ್ತೀನಿ. 2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ (ಎನ್‌ಕ್ರಿಪ್ಶನ್ ಲೈಬ್ರರಿ) ಪ್ಯಾಕೇಜಲ್ಲಿ ಮೆಮೊರಿ ಚೆಕ್ ಮಾಡೋ ಟೂಲ್ ಕೊಡ್ತಿದ್ದ ಎಚ್ಚರಿಕೆ ನಿಲ್ಲಿಸೋಕೆ ಅಂತ ಒಂದೆರಡು ಸಾಲು ತೆಗೆದ್ರು. ಅದ್ರಿಂದ ಕೀ ಮಾಡುವಾಗ ಬೇಕಾದ ರ್‍ಯಾಂಡಮ್‌ನೆಸ್ಸೇ ಹೋಗಿ ಪ್ರೋಸೆಸ್ ಐಡಿ ಒಂದೇ ಉಳೀತು, ಅಂದ್ರೆ ಒಂದೊಂದು ಬಗೆಯ ಕೀಗೆ ಸುಮಾರು 32 ಸಾವಿರ ಸಾಧ್ಯತೆ ಅಷ್ಟೇ. ಹೊರಗೆ ಬಂದಿದ್ದು 2008ರಲ್ಲಿ. ಮೇಂಟೇನರ್ ಮೇಲಿಂಗ್ ಲಿಸ್ಟಲ್ಲಿ ಕೇಳಿದ್ರು, ಆದ್ರೆ ಆ ಬದಲಾವಣೆ ಅಪ್‌ಸ್ಟ್ರೀಮ್ ಕೋಡಿಗೆ ಹೋಗಿ ಸೇರಿರ್ಲಿಲ್ಲ. ಅದಕ್ಕೇ ಹೇಳ್ತೀನಿ, ನಿಮಗೆ ಪೂರ್ತಿ ಅರ್ಥ ಆಗದ ಸಾಲನ್ನ ಮುಟ್ಬೇಡಿ, ಮುಟ್ಟಿದ್ರೆ ಪ್ಯಾಚನ್ನ ಹಾಗೇ ಅಪ್‌ಸ್ಟ್ರೀಮಿಗೆ ಕಳಿಸಿ.

ಅಪ್‌ಸ್ಟ್ರೀಮಿಂದ ಬಂತು ಅಂತ ಕಣ್ಣು ಮುಚ್ಚಿ ತಗೊಳ್ಳೋದೂ ಬೇಡ. ಫೈಲ್ ಕುಗ್ಗಿಸೋ ಎಕ್ಸ್‌ಜೆಡ್ ಟೂಲ್‌ನ 2024ರ ಹಿಂಬಾಗಿಲು 5.6.0, 5.6.1 ವರ್ಶನ್‌ಗಳಲ್ಲಿ ಬಂದಾಗ ಅದನ್ನ ಎಬ್ಬಿಸೋ ಎಂ4 ಫೈಲ್ (ಬಿಲ್ಡ್ ಮಾಡುವಾಗ ಓಡೋದು) ರಿಲೀಸ್ ಟಾರ್‌ಬಾಲಲ್ಲಿ ಇತ್ತು, ಗಿಟ್‌ನಲ್ಲಿ ಇರ್ಲಿಲ್ಲ. ಡೆಬಿಯನ್‌ನ ಇನ್ನೂ ರಿಲೀಸ್ ಆಗದ ಹಂತಗಳಾದ ಅನ್‌ಸ್ಟೇಬಲ್, ಟೆಸ್ಟಿಂಗ್‌ವರೆಗೂ ಬಂದಿತ್ತು. ಆಂಡ್ರೆಸ್ ಫ್ರೋಯಿಂಡ್ ಅನ್ನೋರು ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆಯಲ್ಲ ಅಂತ ಬೆನ್ನು ಹತ್ತಿದ್ದಕ್ಕೆ ಸಿಕ್ತು. ನಾನಂತೂ ಈಗ ಪ್ರತಿ ಹೊಸ ವರ್ಶನ್‌ಗೂ ಟಾರ್‌ಬಾಲನ್ನ ಗಿಟ್ ಟ್ಯಾಗ್ ಜೊತೆ ಡಿಫ್ ಮಾಡಿ, ಹಿಂದಿನ ವರ್ಶನ್‌ಗೂ ಇದಕ್ಕೂ ಏನು ವ್ಯತ್ಯಾಸ ಅಂತ ಓದೇ ಮುಂದೆ ಹೋಗೋದು. ಸಣ್ಣ ಪ್ಯಾಕೇಜ್‌ಗೆ ಇದು ಅರ್ಧ ಗಂಟೆ ಕೆಲಸ.

—

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಮಾಂಡ್ ಕೊಟ್ಟೆ, ಬಂದ ಪಟ್ಟೀಲಿ ನಾನು ದಿನಾ ಬಳಸೋ ಒಂದು ಪುಟ್ಟ ಪೈಥಾನ್ ಟೂಲ್ ಇದೆ! ಅನಾಥ ಆಗಿ ತುಂಬಾ ದಿನ ಆಗಿದೆ, ಹತ್ತು ಬಗ್ ಹಾಗೇ ತೆರೆದಿದೆ. ಈಗ ನೇರವಾಗಿ ತಗೊಂಡುಬಿಡ್ಲಾ?

—

ಮೊದಲು ಆ ಹತ್ತೂ ಬಗ್ ಓದಿ, ಒಂದೊಂದನ್ನೂ ಅನ್‌ಸ್ಟೇಬಲ್‌ನಲ್ಲಿ ಮಾಡಿ ನೋಡಿ. ಈಗ ಬರಲ್ಲ ಅಂದ್ರೆ ಯಾವ ವರ್ಶನ್‌ನಲ್ಲಿ ನೋಡಿದ್ರಿ ಅಂತ ಆ ಬಗ್‌ಗೇ ಬರೀರಿ, ಇನ್ನೂ ಬರುತ್ತೆ ಅಂದ್ರೆ ಹೇಗೆ ಬರಿಸೋದು ಅಂತ ಬರೀರಿ. ಅಪ್‌ಸ್ಟ್ರೀಮ್ ಇನ್ನೂ ಜೀವಂತ ಇದ್ಯಾ, ಕೊನೇ ಕಮಿಟ್ ಯಾವಾಗಿನದು ನೋಡಿ, ಅವರೂ ಕೈಬಿಟ್ಟಿದ್ರೆ ಬೇರೆ ಪ್ಯಾಕೇಜ್ ನೋಡೋದೇ ಒಳ್ಳೇದು. ಜೀವಂತ ಇದ್ರೆ ಅನಾಥ ಅಂತ ಹಾಕಿರೋ ಆ ಬಗ್‌ನ ಟೈಟಲ್ಲನ್ನ ಓ (ಅನಾಥ) ಇಂದ ಐಟಿಎಗೆ (ನಾನು ವಹಿಸ್ಕೊಳ್ತೀನಿ ಅಂತ) ಬದಲಾಯಿಸಿ, ನಿಮ್ಮನ್ನೇ ಓನರ್ ಮಾಡ್ಕೊಳ್ಳಿ, ಆಗ ಇನ್ನೊಬ್ರು ಅದೇ ಕೆಲಸಕ್ಕೆ ಕೈ ಹಾಕಲ್ಲ. ಬಿಲ್ಡ್ ರೆಡಿ ಆದಾಗ ಹೇಳಿ, ನಾನೂ ಒಂದ್ಸಲ ನೋಡ್ತೀನಿ.