ಪಡಸಾಲೆಗೆ 150 ವಾಟ್ ಬೇಕೇ?

ಭಾವ: ಈ ಜಾಹೀರಾತು ನೋಡಿ. ಏಳು ಚಾನೆಲ್‌ನ, ಅಂದರೆ ಏಳು ಸ್ಪೀಕರ್ ಓಡಿಸುವ ಆಂಪ್ಲಿಫೈಯರ್, ಒಂದೊಂದಕ್ಕೆ 150 ವಾಟ್, ಬೆಲೆ 54,000 ರೂಪಾಯಿ. ಆರು ಮನೆಯವರು ತಲಾ 9,000 ಹಾಕಿದರೆ ಹುತ್ತರಿಯ ಹೊತ್ತಿಗೆ ದೊಡ್ಡಮನೆಯ ಪಡಸಾಲೆಗೆ ಬರುತ್ತದೆ.

ತಮ್ಮ: ನಾನು ಸಿದ್ಧ.

ನಾನು: ಭಾವ, ಕೆಳಗಿನ ಸಣ್ಣ ಅಕ್ಷರ ಓದಿದಿರಾ? ಆ 150 ವಾಟ್ ಎಂಬುದು 6 ಓಮ್ ತಡೆಯ ಸ್ಪೀಕರ್‌ಗೆ, 1 ಕಿಲೋಹರ್ಟ್ಸ್‌ನ ಒಂದೇ ಸ್ವರದಲ್ಲಿ, ಒಂದೇ ಚಾನೆಲ್ ಓಡಿಸಿ, ಶೇ 10ರಷ್ಟು ಡಿಸ್ಟಾರ್ಷನ್ (ದನಿಯ ವಿರೂಪ) ಬರುವವರೆಗೆ ಹಿಂಡಿ ತೆಗೆದ ಅಂಕಿ. ಅಷ್ಟು ಹೊತ್ತಿಗೆ ದನಿ ಒಡೆದಿರುತ್ತದೆ. ಮುಂದಿನ ಸಾಲು ನೋಡಿ: 8 ಓಮ್, ಕಿವಿಗೆ ಕೇಳುವ ಸ್ವರಗಳೆಲ್ಲ ಸೇರುವಂತೆ 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಎರಡು ಚಾನೆಲ್ ಒಟ್ಟಿಗೆ, ಡಿಸ್ಟಾರ್ಷನ್ ಶೇ 0.08, 80 ವಾಟ್. ನಂಬಬೇಕಾದದ್ದು ಇದನ್ನು. ಏಳನ್ನೂ ಒಟ್ಟಿಗೆ ದುಡಿಸಿದರೆ ಅದೂ ಇಳಿಯುತ್ತದೆ, ಏಳಕ್ಕೂ ಪವರ್ ಸಪ್ಲೈ ಒಂದೇ.

ಭಾವ: ಹಾಗಾದರೆ ಇದಕ್ಕಿಂತ ದೊಡ್ಡದನ್ನೇ ತರಬೇಕಲ್ಲ?

ನಾನು: ಬೇಡವೇ ಬೇಡ. ನಮ್ಮ ಸ್ಪೀಕರ್ 88 ಡೆಸಿಬೆಲ್‌ನದು. ಒಂದೇ ವಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಬರುತ್ತದೆ, ನಾವು ಕೂರುವ ಮೂರು ಮೀಟರ್ ದೂರಕ್ಕೆ ಸುಮಾರು 78. ಹತ್ತು ವಾಟ್‌ಗೆ ಅದು 88 ಆಗುತ್ತದೆ, ಆಗಲೇ ಪಕ್ಕದಲ್ಲಿ ಕುಳಿತವರ ಮಾತು ಕೇಳಿಸುವುದಿಲ್ಲ. ಸಿನಿಮಾದಲ್ಲಿ ಗುಡುಗು, ಸ್ಫೋಟಕ್ಕೆ ಕ್ಷಣಕಾಲ ಇನ್ನಷ್ಟು ಬೇಕು, ಅದಕ್ಕೂ 80 ಧಾರಾಳ. ವಾಟ್ ದುಪ್ಪಟ್ಟಾದರೆ ಹೆಚ್ಚುವುದು ಮೂರೇ ಡೆಸಿಬೆಲ್.

ದೊಡ್ಡಪ್ಪ: ಮಗಳೇ, ಕಕ್ಕಡ ತಿಂಗಳ ಮಳೆಗೆ ಮರ ಬಿದ್ದು ಲೈನ್ ಹೋದರೆ ದೀಪಕ್ಕೇ ಬ್ಯಾಟರಿ ಸಾಲುವುದಿಲ್ಲ. ಇದು ಎಷ್ಟು ಕರೆಂಟು ತಿನ್ನುತ್ತದೆ?

ನಾನು: ನನ್ನ ತಕರಾರು ಇರುವುದೇ ಅಲ್ಲಿ, ದೊಡ್ಡಪ್ಪ. ಈ ಬಗೆಯ ಆಂಪ್ಲಿಫೈಯರ್ ಹಾಡದೆ ಸುಮ್ಮನೆ ಉರಿಯುತ್ತಿದ್ದರೂ 40–50 ವಾಟ್ ಎಳೆದು ಬಿಸಿಯಾಗುತ್ತದೆ. ಅಷ್ಟರಲ್ಲಿ ಐದು ಎಲ್‌ಇಡಿ ಬಲ್ಬ್ ಉರಿಯುತ್ತವೆ. ನಮ್ಮ ಹಳೆಯ ಸ್ಕ್ವೇರ್ ವೇವ್ ಇನ್‌ವರ್ಟರ್‌ಗೆ ಹಾಕಿದರೆ ಆಂಪ್ಲಿಫೈಯರ್‌ನ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದು ಬೇರೆ. ಕಾಫಿ ಹೂವರಳಿಸುವ ಹೂಮಳೆ ತಡವಾಗಿ ತೋಟಗಳಲ್ಲೆಲ್ಲ ಪಂಪ್ ಓಡುವಾಗ ನಮ್ಮ ಮೀಟರ್ ಬೋರ್ಡಿನಲ್ಲಿ ವೋಲ್ಟೇಜ್ 170 ತೋರಿಸುತ್ತದೆ. ಏಪ್ರಿಲ್‌ನ ಸಿಡಿಲಿಗೆ ಟಿವಿ ಹೋದದ್ದು ನೆನಪಿದೆಯಲ್ಲ? ಎಚ್‌ಡಿಎಂಐ ತೂತಿನ ಸುತ್ತ ಹಿಡಿದ ಕರಿಯನ್ನು ನೀವೇ ಬೆರಳಿನಿಂದ ಒರೆಸಿ ತೋರಿಸಿದಿರಿ. ಪ್ಲಗ್ ಕಿತ್ತಿದ್ದರೂ ಡಿಶ್‌ನ ತಂತಿ ಹಾಗೇ ಇತ್ತು, ಸಿಡಿಲು ಅದರಲ್ಲೇ ಒಳಬಂತು.

ಐದು ಚಾನೆಲ್‌ನದು 32,000ಕ್ಕೆ ಸಿಗುತ್ತದೆ. ಉಳಿಯುವ 22,000ದಲ್ಲಿ ಮೊದಲು ಅರ್ಥಿಂಗ್ ಸರಿಮಾಡಿಸೋಣ, ಸ್ಟೆಬಿಲೈಸರ್ ತರೋಣ, ವೋಲ್ಟೇಜ್ ಥಟ್ಟನೆ ಏರಿದರೆ ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿಸೋಣ. ಎಷ್ಟೆಂದರೂ ನಮ್ಮಲ್ಲಿರುವುದು ಐದೇ ಸ್ಪೀಕರ್.

ತಮ್ಮ: ಅಕ್ಕ, ಮುಂದೆ ಇನ್ನೆರಡು ತಂದರೆ?

ಚಿಕ್ಕಮ್ಮ: ಎಲ್ಲಿ ಇಡುತ್ತೀಯಪ್ಪಾ? ಹಿಂದಿನ ಗೋಡೆಗೆ ಭತ್ತ ತುಂಬುವ ಪತ್ತಾಯ ಇದೆ. ಅದನ್ನು ಯಾರೂ ಮುಟ್ಟುವಂತಿಲ್ಲ.

ದೊಡ್ಡಪ್ಪ: ಅರ್ಥಿಂಗ್ ಗುಂಡಿಯನ್ನು ಈ ವಾರವೇ ತೋಡಿಸುತ್ತೇನೆ. ಆಂಪ್ಲಿಫೈಯರ್ ಯಾವುದೆಂದು ನೀವು ನೀವೇ ತೀರ್ಮಾನಿಸಿ.

ಭಾವ: ನಾನು ಇನ್ನೂ ಒಪ್ಪಿಲ್ಲ. ಒಂದು ಜೊತೆ ಸ್ಪೀಕರ್ ಜೀಪಿನಲ್ಲಿ ಹಾಕಿಕೊಂಡು ಮಡಿಕೇರಿಗೆ ಹೋಗಿ, ಅಂಗಡಿಯಲ್ಲಿ ಎರಡನ್ನೂ ಕೇಳಿಯೇ ನೋಡೋಣ.

ನಾನು: ಬರುತ್ತೇನೆ ಭಾವ. ಎರಡನ್ನೂ ಒಂದೇ ಸದ್ದಿಗೆ ಹೊಂದಿಸಿ ಕೇಳಬೇಕು, ಏಕೆಂದರೆ ತುಸು ಜೋರಾಗಿರುವುದೇ ಕಿವಿಗೆ ಇಂಪೆನಿಸುತ್ತದೆ. ಡೆಸಿಬೆಲ್ ಅಳೆಯುವ ಆ್ಯಪ್ ಅನ್ನು ಮೊಬೈಲ್‌ಗೆ ಹಾಕಿಕೊಂಡಿದ್ದೇನೆ. ಶನಿವಾರ ಆಗಬಹುದೇ?