ಬುಕ್‌ಶೆಲ್ಫ್ ಸ್ಪೀಕರ್ ಬದಲಿಸಬೇಕೆಂದಿದ್ದೇನೆ, ಬದಲಿಸಿದವರು ಅನುಭವ ತಿಳಿಸಿ

ಕೇಳಿದವರು:
ಹನ್ನೆರಡು ವರ್ಷಗಳಿಂದ ಐದು ಇಂಚಿನ ವೂಫರ್ (ಬೇಸ್, ಅಂದರೆ ತಗ್ಗಿನ ಸ್ವರ ನುಡಿಸುವ ಕೋನ್) ಇರುವ ಒಂದೇ ಜೋಡಿ ಸ್ಪೀಕರ್‌ಗಳಲ್ಲಿ ಸಂಗೀತ ಕೇಳುತ್ತಿದ್ದೇನೆ. ಈಚೆಗೆ ಅವುಗಳ ಬೇಸ್ ಸೊರಗಿದಂತೆ ಅನಿಸುತ್ತಿದೆ. ಕೋಣೆಯ ಉದ್ದ 3.6 ಮೀಟರ್, ಅಗಲ 3 ಮೀಟರ್. ಆಂಪ್ಲಿಫೈಯರ್ 8 ಓಮ್‌ಗೆ 40 ವ್ಯಾಟ್ ಕೊಡುತ್ತದೆ. ನಾನು ಕೇಳುವುದು ಹೆಚ್ಚಾಗಿ ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಸಣ್ಣ ದನಿಯಲ್ಲಿ. ಸ್ಪೀಕರ್‌ಗಳು ಕಪಾಟಿನ ಮೇಲೆಯೇ ಕೂರಬೇಕು, ಅದರ ಆಳ 28 ಸೆಂಟಿಮೀಟರ್. ಹಿಂಬದಿಯಲ್ಲಿ ಪೋರ್ಟ್ (ಗಾಳಿಯಾಡುವ ತೂತು) ಇರುವ ಆರೂವರೆ ಇಂಚಿನ ಜೋಡಿಯೊಂದು, ಪೂರ್ತಿ ಮುಚ್ಚಿದ ಪೆಟ್ಟಿಗೆಯ ಸಣ್ಣ ಜೋಡಿಯೊಂದು ಮನಸ್ಸಿನಲ್ಲಿವೆ. ಬಳಸಿದವರು ಯಾವುದನ್ನು ಸೂಚಿಸುತ್ತೀರಿ?

ಆರೂವರೆ ಇಂಚು:
ಮಾನ್ಯರೇ, ನಾನು ಆರೂವರೆ ಇಂಚಿನದನ್ನೇ ಕೊಂಡೆ. ಇಂದಿಗೂ ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಖರ್ಚಿನ ವಿಷಯವನ್ನು ಯಾರೂ ಬಿಡಿಸಿ ಹೇಳುವುದಿಲ್ಲವಾದ್ದರಿಂದ ನಾನು ಹೇಳುತ್ತೇನೆ. ಸ್ಪೀಕರ್ ಜೋಡಿಗೆ ಕೊಟ್ಟದ್ದನ್ನು 100 ಪಾಲು ಎಂದಿಟ್ಟುಕೊಳ್ಳಿ. ಒಂದೊಂದೂ ಒಂಬತ್ತು ಕಿಲೋ ತೂಗುವ ಅವುಗಳನ್ನು ಹೊರಲು ಕೊಂಡ ಸ್ಟ್ಯಾಂಡ್‌ಗಳಿಗೆ 28 ಪಾಲು ಹೋಯಿತು. ಅವು 4 ಓಮ್‌ನವು, 8 ಓಮ್‌ನವಕ್ಕಿಂತ ಆಂಪ್ಲಿಫೈಯರ್‌ನಿಂದ ಹೆಚ್ಚು ಕರೆಂಟ್ ಎಳೆಯುವಂಥವು ಎಂಬುದನ್ನು ನಾನು ಗಮನಿಸಿರಲಿಲ್ಲ. ದನಿ ಸ್ವಲ್ಪ ಏರಿಸಿದರೆ ನನ್ನ ಹಳೆಯ ಆಂಪ್ಲಿಫೈಯರ್ ಬಿಸಿಯಾಗಿ ತನ್ನಷ್ಟಕ್ಕೆ ತಾನೇ ಆರಿಹೋಗುತ್ತಿತ್ತು. ಹೊಸ ಆಂಪ್ಲಿಫೈಯರ್‌ಗೆ 71 ಪಾಲು, ತಂತಿಗೆ 6, ಸ್ಟ್ಯಾಂಡಿನ ಕಾಲಿನೊಳಗೆ ತುಂಬಿದ ಮರಳು, ಕೆಳಗೆ ಹಾಕಿದ ರಬ್ಬರ್ ತುಂಡುಗಳಿಗೆಲ್ಲ ಸೇರಿ 4. ಒಟ್ಟು 209.

ಇಷ್ಟಾದ ಮೇಲೆ ಮೊದಲ ರಾತ್ರಿ ಡಬಲ್ ಬೇಸ್ ಇದ್ದ ಒಂದು ಧ್ವನಿಮುದ್ರಣ ಹಾಕಿದೆ. ತಗ್ಗಿನ ಒಂದು ಸ್ವರ ಮಾತ್ರ ಕೋಣೆ ತುಂಬ ಉಬ್ಬಿ ನಿಂತಿತು, ಅದರ ಅಕ್ಕಪಕ್ಕದ ಸ್ವರಗಳು ಇದ್ದೂ ಇಲ್ಲದಂತಾದವು. ನನ್ನ ಕೋಣೆ 3.4 ಮೀಟರ್‌ನ ಚೌಕ. ಹಾಗಾಗಿ ಉದ್ದದ ಅನುರಣನವೂ (ಆ ಅಳತೆಗೆ ಹೊಂದಿ ಕೋಣೆಯೇ ಉಬ್ಬಿಸುವ ಸ್ವರ) ಅಗಲದ ಅನುರಣನವೂ ಸುಮಾರು 50 ಹರ್ಟ್ಸ್‌ನಲ್ಲೇ ಒಂದರ ಮೇಲೊಂದು ಕೂರುತ್ತವೆ ಎಂದು ಆಮೇಲೆ ತಿಳಿಯಿತು. ಕೊನೆಗೆ ಒಂದು ಜೋಡಿ ಹಳೆಯ ಕಾಲುಚೀಲಗಳನ್ನು ಸುರುಳಿ ಸುತ್ತಿ ಎರಡೂ ಪೋರ್ಟ್‌ಗಳಿಗೆ ತುರುಕಿದೆ. ಉಬ್ಬು ಇಳಿಯಿತು. ಈಗ ಕೇಳುವುದೇ ಒಂದು ಸುಖ.

ಮುಚ್ಚುಪೆಟ್ಟಿಗೆ:
ಮೇಲಿನವರ ಪತ್ರ ಓದಿ ನಗು ತಡೆಯಲಾಗಲಿಲ್ಲ, ಕ್ಷಮಿಸಬೇಕು. 209 ಪಾಲು ಖರ್ಚು ಮಾಡಿ, ಕಾಲುಚೀಲ ತುರುಕಿ, ಕಡೆಗೆ ಅವರು ತಲುಪಿರುವುದು ನಾನು ಮೊದಲ ದಿನವೇ ಕೊಂಡ ಮುಚ್ಚಿದ ಪೆಟ್ಟಿಗೆಗೆ. ಪೋರ್ಟ್ ಇರುವ ಪೆಟ್ಟಿಗೆಯಲ್ಲಿ ಒಂದು ಹಂತದ ಕೆಳಗೆ ಬೇಸ್ ಪ್ರತಿ ಆಕ್ಟೇವ್‌ಗೆ (ಹರ್ಟ್ಸ್ ಅರ್ಧಕ್ಕಿಳಿದಂತೆಲ್ಲ) 24 ಡೆಸಿಬಲ್‌ನಂತೆ ಕಡಿದು ಬೀಳುತ್ತದೆ, ಮುಚ್ಚಿದ ಪೆಟ್ಟಿಗೆಯಲ್ಲಿ 12ರಂತೆ ನಿಧಾನವಾಗಿ ಇಳಿಯುತ್ತದೆ. ಗೋಡೆಗೆ ಒತ್ತಿ ಇಟ್ಟಾಗ ಗೋಡೆಯೇ ಆ ಇಳಿತವನ್ನು ಒಂದಿಷ್ಟು ತುಂಬಿಕೊಡುತ್ತದೆ. ಬಿಬಿಸಿಯ ಎಂಜಿನಿಯರರು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ಇಕ್ಕಟ್ಟಾದ ವಾಹನಗಳಿಗಾಗಿ ರೂಪಿಸಿದ ಎಲ್‌ಎಸ್3/5ಎ ಕೂಡ ಮುಚ್ಚಿದ ಪುಟ್ಟ ಪೆಟ್ಟಿಗೆಯೇ. ಮನುಷ್ಯರ ದನಿಯನ್ನು ಅದು ಕೇಳಿಸುವ ಬಗೆಗೆ ಮನಸೋತವರು ಇಂದಿಗೂ ಅದನ್ನು ಹುಡುಕಿಕೊಂಡು ಹೋಗುತ್ತಾರೆ.

ನನಗೆ ಬಿದ್ದ ಪೆಟ್ಟನ್ನೂ ಮುಚ್ಚಿಡುವುದಿಲ್ಲ. ನನ್ನ ಜೋಡಿಯ ಸೆನ್ಸಿಟಿವಿಟಿ, ಅಂದರೆ ನಿಗದಿತ ವಿದ್ಯುತ್ತಿಗೆ ಹೊರಡಿಸುವ ದನಿಯ ಮಟ್ಟ, 83 ಡೆಸಿಬಲ್. ಹಿಂದಿನ ಜೋಡಿ 89ರದು. ಆರು ಡೆಸಿಬಲ್ ಎಂದರೆ ಅಷ್ಟೇ ದನಿಗೆ ನಾಲ್ಕು ಪಟ್ಟು ವ್ಯಾಟ್ ಬೇಕು ಎಂಬ ಲೆಕ್ಕ ಗೊತ್ತಿದ್ದೂ ನನ್ನ 20 ವ್ಯಾಟ್‌ನ ಆಂಪ್ಲಿಫೈಯರ್‌ನಿಂದಲೇ ಕೆಲಸ ತೆಗೆಯಲು ಹೋದೆ. ಒಂದು ಸಂಜೆ ನೆಂಟರ ಮುಂದೆ ಪಿಯಾನೊ ಕೇಳಿಸಬೇಕೆಂದು ಗುಂಡಿಯನ್ನು ಮುಕ್ಕಾಲು ತಿರುಗಿಸಿದಾಗ ಆಂಪ್ಲಿಫೈಯರ್ ಕ್ಲಿಪ್ ಆಗಿ (ಶಕ್ತಿ ಸಾಲದೆ ಅಲೆಯ ತುದಿಗಳನ್ನು ಕತ್ತರಿಸಿ) ಎಡಗಡೆಯ ಟ್ವೀಟರ್, ಅಂದರೆ ಏರುಸ್ವರ ನುಡಿಸುವ ಭಾಗ, ಸುಟ್ಟುಹೋಯಿತು. ಸದ್ದು ಬಂದು ಸುಟ್ಟಿದ್ದರೆ ಆಗಲೇ ತಿಳಿಯುತ್ತಿತ್ತು. ಮೂರು ದಿನ ನಾನು ಎಡಗಿವಿಗೇ ಏನೋ ಆಗಿದೆ ಎಂದು ನಂಬಿದ್ದೆ. ಆ ಟ್ವೀಟರ್ ತಯಾರಿಕೆ ನಿಂತಿದ್ದರಿಂದ, ಎರಡೂ ಬದಿ ಒಂದೇ ರೀತಿ ಇರಬೇಕೆಂದು ಚೆನ್ನಾಗಿದ್ದ ಬಲಗಡೆಯದನ್ನೂ ಕಿತ್ತು ಹೊಸ ಜೋಡಿ ಹಾಕಿಸಬೇಕಾಯಿತು. ಐದು ವಾರ, 22 ಪಾಲು. ಹಾಗಿದ್ದರೂ ನನ್ನ ಮೊತ್ತ 209ರ ಹತ್ತಿರಕ್ಕೂ ಸುಳಿದಿಲ್ಲ.

ಆರೂವರೆ ಇಂಚು:
ನಗುವ ಮುನ್ನ ಒಂದು ತಿಳಿದುಕೊಳ್ಳಿ. ಪೋರ್ಟ್‌ಗೆ ಬಟ್ಟೆ ತುರುಕಿದ ಮಾತ್ರಕ್ಕೆ ಅದು ನಿಮ್ಮ ಪೆಟ್ಟಿಗೆಯಾಗುವುದಿಲ್ಲ. ಒಳಗಿನ ಗಾತ್ರ ಬೇರೆ, ವೂಫರ್ ಬೇರೆ, ಲೆಕ್ಕಾಚಾರವೇ ಬೇರೆ. ಬೇಕೆಂದ ದಿನ ಕಾಲುಚೀಲ ತೆಗೆಯುವ ಸ್ವಾತಂತ್ರ್ಯ ನನಗಿದೆ. ನಿಮ್ಮದಕ್ಕೆ ಪೋರ್ಟ್ ಕೊರೆಯಲು ಸಾಧ್ಯವೇ? ಇನ್ನು ನೆಂಟರ ಮುಂದೆ ಟ್ವೀಟರ್ ಸುಟ್ಟುಕೊಂಡವರಿಂದ ನಾನು ಮಿತವ್ಯಯದ ಪಾಠ ಕಲಿಯಬೇಕಾಗಿಲ್ಲ.

ಅಳತೆಗೋಲು:
ಇಬ್ಬರೂ ಪೆಟ್ಟಿಗೆಯ ಬಗ್ಗೆ ಜಗಳವಾಡುತ್ತಿದ್ದೀರಿ, ಆದರೆ ಸುಮಾರು 300 ಹರ್ಟ್ಸ್‌ನಿಂದ ಕೆಳಗೆ ನೀವು ಕೇಳುತ್ತಿರುವುದರಲ್ಲಿ ದೊಡ್ಡ ಪಾಲು ಕೋಣೆಯದು. ಸ್ಪೀಕರ್ ಹಿಂಬದಿಯ ಗೋಡೆಯಿಂದ 86 ಸೆಂಟಿಮೀಟರ್ ಮುಂದಿದ್ದರೆ ಗೋಡೆಗೆ ಬಡಿದು ಮರಳಿದ ಅಲೆ ಸುಮಾರು 100 ಹರ್ಟ್ಸ್‌ನಲ್ಲಿ ಮೂಲದ ಅಲೆಯನ್ನೇ ಅಳಿಸಿಹಾಕುತ್ತದೆ. ನನ್ನದು ನಿಖರವಾಗಿ 86ರಲ್ಲಿತ್ತು. ಮೈಕ್ ಕೊಂಡು, ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆದು, ಐದೈದು ಸೆಂಟಿಮೀಟರ್ ಸರಿಸುತ್ತ ಹದಿನಾಲ್ಕು ರಾತ್ರಿ ಅಳೆದ ಮೇಲೆಯೇ ಇದು ಗೊತ್ತಾದದ್ದು. ಸ್ವರಗಳ ಮಟ್ಟ ಏರಿಳಿಸುವ ಈಕ್ವಲೈಸರ್‌ನಿಂದ ಉಬ್ಬನ್ನು ತಗ್ಗಿಸಬಹುದು, ಇಂಥ ತಗ್ಗನ್ನು ತುಂಬಲಾಗದು. ಎಷ್ಟು ಸುರಿದರೂ ಅಷ್ಟನ್ನೂ ಗೋಡೆ ಅಳಿಸುತ್ತದೆ.

ನನ್ನ ನಿಜವಾದ ಸಂಕಟ ಬೇರೆ. 100 ಪಾಲಿನ ಹೊಸ ಜೋಡಿ ಕೊಂಡ ಎರಡು ತಿಂಗಳಿಗೆ, ಹಳೆಯದನ್ನು ಯಾರಿಗಾದರೂ ಕೊಡೋಣವೆಂದು ಮುಂಭಾಗದ ಬಟ್ಟೆ ತೆಗೆದು ನೋಡಿದೆ. ವೂಫರಿನ ಸುತ್ತಲಿನ ಫೋಮ್ ಅಂಚು ಬೆರಳು ತಾಗಿಸಿದರೆ ಪುಡಿಪುಡಿಯಾಗಿ ಉದುರುತ್ತಿತ್ತು. ಅಂದರೆ ನಾನು ದೂರುತ್ತಿದ್ದದ್ದು ಸ್ಪೀಕರನ್ನಲ್ಲ, ಸತ್ತ ಅಂಚನ್ನು. ಹೊಸ ಅಂಚು, ಅಂಟು, ಕ್ರಾಸ್‌ಓವರಿನ (ಸ್ವರಗಳನ್ನು ವೂಫರ್‌ಗೂ ಟ್ವೀಟರ್‌ಗೂ ಹಂಚುವ ಸರ್ಕ್ಯೂಟಿನ) ನಾಲ್ಕು ಕೆಪಾಸಿಟರ್ ಎಲ್ಲ ಸೇರಿ 7 ಪಾಲು. ಮೊದಲನೆಯ ಸಲ ಕೋನ್ ನಟ್ಟನಡುವೆ ಕೂರದೆ ಕಾಯಿಲ್ ಅಯಸ್ಕಾಂತಕ್ಕೆ ಉಜ್ಜಿ ಪ್ರತಿ ಸ್ವರದ ಹಿಂದೆಯೂ ಕರಕರ ಎಂದಿತು. ಅಂಟು ಬಿಡಿಸಿ, ಕಾಯಿಲಿನ ಸುತ್ತ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಗಳನ್ನು ಸಿಕ್ಕಿಸಿ ನಡುವಿಗೆ ತಂದು, ಒಂದು ರಾತ್ರಿ ಒಣಗಲು ಬಿಟ್ಟು ಮತ್ತೆ ಜೋಡಿಸಿದೆ. ಈಗ ಎರಡು ಜೋಡಿಗಳ ನಡುವಿನ ವ್ಯತ್ಯಾಸ 93 ಪಾಲಿನಷ್ಟಿಲ್ಲ, ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಕೇಳಿದವರು ತಮ್ಮ ವೂಫರಿನ ಅಂಚು ಫೋಮಿನದೋ ರಬ್ಬರಿನದೋ ಮೊದಲು ನೋಡಲಿ.

ನಿಧಾನಿ:
ಅಳತೆಗೋಲಿನವರಿಗೆ ಎರಡು ತಿಂಗಳು ಸಾಲಲಿಲ್ಲ ಅನಿಸುತ್ತದೆ. ಹೊಸ ಸ್ಪೀಕರ್ ಪಳಗಬೇಕು. ನನ್ನ ಜೋಡಿ ಪೆಟ್ಟಿಗೆಯಿಂದ ತೆಗೆದಾಗ ಸಕಾರ ಶಕಾರಗಳೆಲ್ಲ ಸೂಜಿಯಂತೆ ಚುಚ್ಚುತ್ತಿದ್ದವು. ಹಾಡುವವರ ಹಲ್ಲಿನ ಸಂದಿಯೇ ಕಣ್ಣಿಗೆ ಕಟ್ಟುವಂತಿತ್ತು. ಮಾರಿದವರು 200 ಗಂಟೆ ಕೇಳಿ ಎಂದರು, ನಂಬಿ ಕೇಳಿದೆ. ಈಗ ಅದೇ ಹಾಡು ಬೆಣ್ಣೆಯಂತಿದೆ. ತಾಳ್ಮೆ ಇಲ್ಲದವರು ಮೈಕ್ ಹಿಡಿದುಕೊಂಡು ಓಡಾಡುತ್ತಾರೆ.

ಅಳತೆಗೋಲು:
ನಿಧಾನಿಯವರು ದಿನಕ್ಕೆ ಎಷ್ಟು ಹೊತ್ತು ಕೇಳುತ್ತಾರೋ ತಿಳಿಯದು. ಒಂದೂವರೆ ಗಂಟೆಯಂತೆ ಕೇಳಿದರೆ 200 ಗಂಟೆಗೆ 133 ದಿನ ಬೇಕು. ಹಿಂತಿರುಗಿಸಲು ಕೊಡುವ ಗಡುವು ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಮೊದಲೇ ಮುಗಿದಿರುತ್ತದೆ ಎಂಬುದು ಮಾರುವವರಿಗೆ ತಿಳಿಯದ ಸಂಗತಿಯೇ? ವೂಫರಿನ ಅಂಚು, ಕೋನನ್ನು ಒಳಗಿನಿಂದ ಹಿಡಿದಿಡುವ ಸ್ಪೈಡರ್ ಮೊದಮೊದಲು ಒಂದಿಷ್ಟು ಸಡಿಲವಾಗುವುದು ನಿಜ. ಆದರೆ ಚುಚ್ಚುತ್ತಿದ್ದದ್ದು ಟ್ವೀಟರ್. ಪಳಗಿದ್ದು ನಿಮ್ಮ ಕಿವಿ. ಸ್ಪೀಕರ್‌ಗಳ ಸಂಶೋಧಕ ಫ್ಲಾಯ್ಡ್ ಟೂಲ್ ಅವರು ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿದ್ದಾಗ ಪರದೆಯ ಹಿಂದೆ ಸ್ಪೀಕರ್ ಅಡಗಿಸಿ ಕೇಳಿಸಿದ ಪರೀಕ್ಷೆಗಳಲ್ಲಿ, ಹೆಸರು ಕಾಣದಿದ್ದಾಗ ಹೆಚ್ಚಿನವರು ಮೆಚ್ಚಿದ್ದು ಅಳತೆಯಲ್ಲಿ ಸಮತಟ್ಟಾಗಿದ್ದ, ಅಂದರೆ ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕೊಡುತ್ತಿದ್ದ ಸ್ಪೀಕರ್‌ಗಳನ್ನೇ.

ನಿಧಾನಿ:
ನನ್ನ ಕಿವಿ ನನ್ನದು. ಅದಕ್ಕೆ ಕೆನಡಾದ ಪ್ರಮಾಣಪತ್ರ ಬೇಕಾಗಿಲ್ಲ. 86 ಸೆಂಟಿಮೀಟರ್‌ನಲ್ಲಿ ಹದಿನಾಲ್ಕು ರಾತ್ರಿ ಕಳೆದವರು ಆ ಹೊತ್ತಿನಲ್ಲಿ ಒಂದು ಹಾಡನ್ನಾದರೂ ಪೂರ್ತಿ ಕೇಳಿದರೇ?

ಕೇಳಿದವರು:
ಎಲ್ಲರಿಗೂ ವಂದನೆಗಳು. ಅಂಚು ನೋಡಿದೆ, ರಬ್ಬರಿನದು, ಗಟ್ಟಿಯಾಗಿದೆ. ಸಣ್ಣ ದನಿಯಲ್ಲಿ ಕೇಳುವವರಿಗೆ ಯಾವುದು ಒಳ್ಳೆಯದೆಂದು ಯಾರೂ ಹೇಳಲಿಲ್ಲ.

ಮುಚ್ಚುಪೆಟ್ಟಿಗೆ:
ಸಣ್ಣ ದನಿಯಲ್ಲಿ ಯಾವ ಸ್ಪೀಕರಿನ ಬೇಸ್ ಕೂಡ ಸೊರಗಿದಂತೆಯೇ ಕೇಳುತ್ತದೆ. ಅದು ಕಿವಿಯ ಸ್ವಭಾವ. ಫ್ಲೆಚರ್ ಮತ್ತು ಮುನ್ಸನ್ ಎಂಬ ಸಂಶೋಧಕರು 1933ರಲ್ಲೇ ಅದನ್ನು ಅಳೆದು ತೋರಿಸಿದ್ದಾರೆ. ನಿಮ್ಮ ಆಂಪ್ಲಿಫೈಯರ್‌ನಲ್ಲಿ ಸಣ್ಣ ದನಿಗೆ ಬೇಸ್ ಏರಿಸಿಕೊಡುವ ಲೌಡ್‌ನೆಸ್ ಗುಂಡಿ ಇದ್ದರೆ ಇವತ್ತು ರಾತ್ರಿಯೇ ಅದನ್ನು ಒತ್ತಿ ಕೇಳಿ. ಸಣ್ಣ ದನಿಗೆ 83 ಡೆಸಿಬಲ್ಲಿನ ಪೆಟ್ಟಿಗೆಯೂ ತೊಂದರೆ ಕೊಡದು, ನಿಮ್ಮ 40 ವ್ಯಾಟ್ ಧಾರಾಳವಾಯಿತು. ಒಂದು ಎಚ್ಚರಿಕೆ: ಸೆನ್ಸಿಟಿವಿಟಿಯನ್ನು 2.83 ವೋಲ್ಟ್‌ಗೆ ಎಂದು ಬರೆದಿರುತ್ತಾರೆ. 8 ಓಮ್‌ಗೆ ಅದು ಒಂದು ವ್ಯಾಟ್, 4 ಓಮ್‌ಗೆ ಎರಡು. ಆರೂವರೆ ಇಂಚಿನವರ 4 ಓಮ್‌ನ ಪೆಟ್ಟಿಗೆಯ ಅಂಕಿಯಲ್ಲಿ ಮೂರು ಡೆಸಿಬಲ್ (ಎರಡು ಪಟ್ಟು ವ್ಯಾಟ್‌ನದು) ಹೀಗೆಯೇ ಬಂದದ್ದಿರಬೇಕು.

ನಿಧಾನಿ:
ಲೌಡ್‌ನೆಸ್ ಗುಂಡಿ ಒತ್ತುವುದಾದರೆ ಹೊಸ ಸ್ಪೀಕರ್ ಏಕೆ? ಧ್ವನಿಮುದ್ರಣ ಮಾಡಿದವರು ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಕೇಳಬೇಕು.

ಆರೂವರೆ ಇಂಚು:
ನನ್ನ ಪೆಟ್ಟಿಗೆಯ ಅಂಕಿಯನ್ನು ನೋಡದೆಯೇ ಊಹಿಸುವವರಿಗೆ ನಾನು ಉತ್ತರಿಸುವುದಿಲ್ಲ.

ಕೇಳಿದವರು:
ಗುಂಡಿ ಒತ್ತಿ ಕೇಳಿದೆ. ಇಷ್ಟು ವರ್ಷ ಅದು ಏಕಿದೆಯೆಂದೇ ಗೊತ್ತಿರಲಿಲ್ಲ. ಸದ್ಯಕ್ಕೆ ಖರೀದಿಯನ್ನು ಮುಂದೂಡಿದ್ದೇನೆ. ಆರೂವರೆ ಇಂಚಿನವರಲ್ಲಿ ಒಂದೇ ಪ್ರಶ್ನೆ: ತಮ್ಮ ಪೆಟ್ಟಿಗೆಯ ಆಳ ಎಷ್ಟು?

ಆರೂವರೆ ಇಂಚು:
ಪೆಟ್ಟಿಗೆಯದು 34 ಸೆಂಟಿಮೀಟರ್, ಹಿಂದೆ ಸಿಕ್ಕಿಸುವ ತಂತಿಯ ಪ್ಲಗ್‌ಗೆ ಇನ್ನೂ ನಾಲ್ಕು. ತಮ್ಮ 28ರ ಕಪಾಟಿನ ಮೇಲೆ ಕೂರುವುದಿಲ್ಲ. ನನ್ನದರ ಮೇಲೂ ಕೂರಲಿಲ್ಲ. ಮೊದಲು ಆಳದ ಕಪಾಟನ್ನೇ ಮಾಡಿಸಿದ್ದೆ, ಅದು ಕಂಪಿಸತೊಡಗಿದ ಮೇಲೆ ಸ್ಟ್ಯಾಂಡ್ ಕೊಂಡೆ. ಕಪಾಟಿನ ಖರ್ಚನ್ನು 209ರಲ್ಲಿ ಸೇರಿಸಿರಲಿಲ್ಲ.