ಪ್ಯಾಸೆಂಜರ್ ಇಂಜಿನ್ ಮಾಡೆಲ್‌ಗೆ ತುಕ್ಕು ಬಳಿಯಬೇಕಾ?

ಹಳಿಹುಚ್ಚ: 1:87 ಅಳತೆಯ ಅಮೆರಿಕನ್ ಇ8 ಡೀಸೆಲ್ ಇಂಜಿನ್ ತಗೊಂಡೆ. ಆಟದ ಸಾಮಾನಿನ ಹಾಗೆ ಹೊಳೆಯುತ್ತಿತ್ತು. ಮ್ಯಾಟ್ ವಾರ್ನಿಷ್ ಹೊಡೆದು, ಮೈತುಂಬ ತುಕ್ಕು, ಮಸಿ ಬಳಿದೆ. ಈಗ ಜೀವ ಬಂದಿದೆ. ಫೋಟೋ ಹಾಕಿದ್ದೇನೆ, ನೋಡಿ.

ಬೋಗಿ_ಬಂಧು: ಮೈತುಂಬ ತುಕ್ಕಾ? ಇದು ಗೂಡ್ಸ್ ಇಂಜಿನ್ ಅಲ್ಲ ರೀ. ಪ್ಯಾಸೆಂಜರ್ ಇಂಜಿನ್‌ಗಳನ್ನು ಆಗಾಗ ತೊಳೆಯುತ್ತಿದ್ದರು. ಮಸಿ ಇರಬೇಕಾದ್ದು ಮೇಲೆ, ಹೊಗೆ ಕೊಳವೆ ಸುತ್ತ. ಟ್ರಕ್‌ಗಳಿಗೆ, ಅಂದ್ರೆ ಚಕ್ರ ಕೂರಿಸಿದ ಚೌಕಟ್ಟುಗಳಿಗೆ, ಬ್ರೇಕ್ ಧೂಳಿನ ಕಂದು. ಬೋಗಿ ಬಿಸಿ ಮಾಡೋ ಸ್ಟೀಮ್ ಜನರೇಟರ್ ಹಿಂದುಗಡೆ ಇದೆಯಲ್ಲ, ಅಲ್ಲಿ ನೀರು ಒಣಗಿದ ಬಿಳಿ ಕಲೆ ಒಂದೆರಡು. ಅಷ್ಟು ಸಾಕು.

ಹಳಿಹುಚ್ಚ: "ಆಗಾಗ ತೊಳೆಯುತ್ತಿದ್ದರು" ಅನ್ನೋದು 1950ರ ಮಾತು. 1971ರಲ್ಲಿ ಅಮೆರಿಕದ ಪ್ಯಾಸೆಂಜರ್ ರೈಲು ಸಂಸ್ಥೆ ಆಮ್‌ಟ್ರ್ಯಾಕ್ ಶುರುವಾದಾಗಿನ ಫೋಟೋ ನೋಡಿ. ಬಣ್ಣ ಮಾಸಿದ ಇ8 ಬೇಕಾದಷ್ಟು ಸಿಗುತ್ತವೆ.

ಮಿಣುಕುದೀಪ: ಫೋಟೋ ಅಂದ್ರಲ್ಲ, ನಿಮ್ಮದರಲ್ಲಿ ಹೆಡ್‌ಲೈಟ್ ನೀಲಿ ಹೊಡೆಯುತ್ತಿದೆ. ಆಗ ಇದ್ದದ್ದು ಫಿಲಮೆಂಟ್ ಬಲ್ಬ್. 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಕಮ್ಮಿಯಾದಷ್ಟೂ ಹಳದಿ) ಹತ್ತಿರದ ಎಲ್‌ಇಡಿ ಹಾಕಿ. ಇಲ್ಲಾಂದ್ರೆ ಇರೋದಕ್ಕೇ ಪಾರದರ್ಶಕ ಕಿತ್ತಳೆ ಬಣ್ಣ ತೆಳುವಾಗಿ ಒಂದು ಕೈ ಹಚ್ಚಿ.

ಡಿಕೋಡರ್_ದೊರೆ: 3000 ಜಾಸ್ತಿ ಹಳದಿ. ಎದುರಿಗೆ ಬರೋ ರೈಲಿನ ಲೈಟ್ ಕಣ್ಣಿಗೆ ಬೆಳ್ಳಗೇ ಕಾಣುತ್ತದೆ.

ಮಿಣುಕುದೀಪ: ಕಣ್ಣು ಕುಕ್ಕೋ ಬೆಳಕು ಯಾವುದಾದರೂ ಬೆಳ್ಳಗೇ ಕಾಣುತ್ತದೆ. ಮಾಡೆಲ್‌ನದ್ದು ಅಷ್ಟು ಜೋರಿಲ್ಲ, ಅದಕ್ಕೇ ಬಣ್ಣ ಎದ್ದು ಕಾಣೋದು.

ಡಿಕೋಡರ್_ದೊರೆ: ಜೋರಿಲ್ಲ ಅಂದ್ರೆ? ಡಿಕೋಡರ್‌ನಲ್ಲಿ, ಅಂದ್ರೆ ಮಾಡೆಲ್ ಒಳಗಿನ ಕಂಟ್ರೋಲ್ ಚಿಪ್‌ನಲ್ಲಿ, ಹೆಚ್ಚು ಕಮ್ಮಿ ಮಾಡಬಹುದು. ಮಾರ್ಸ್ ಲೈಟ್ (ಇಂಜಿನ್ ಮುಂದಿನ ಎಚ್ಚರಿಕೆ ದೀಪ) ಓಲಾಡುವ ಎಫೆಕ್ಟ್ ಕೂಡ ಬರುತ್ತದೆ.

ಮಿಣುಕುದೀಪ: ಹೊಳಪು ಬೇರೆ, ಬಣ್ಣ ಬೇರೆ! ಫಿಲಮೆಂಟ್ ಬಲ್ಬ್ ಮಂಕಾದರೆ ಕೆಂಪಗಾಗುತ್ತದೆ. ಎಲ್‌ಇಡಿ ಮಂಕಾದರೂ ನೀಲಿಯೇ. ಇದು ಗೊತ್ತಿಲ್ಲದೆ ಸುಮ್ನೆ ವಾದ ಮಾಡಬೇಡಿ.

ಡಿಕೋಡರ್_ದೊರೆ: ನನಗೆ ಗೊತ್ತಿಲ್ಲ ಅನ್ನೋಕೆ ನೀವು ಯಾರು? ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡಿ. 4000 ಹಾಕಿದರೆ ಸರಿ, ಅಷ್ಟೇ.

ಬೋಗಿ_ಬಂಧು: ಲೈಟ್ ಸಾಕು ಮಾರಾಯ್ರೇ, ಓಟ ನೋಡಿ. 1:87ರಲ್ಲಿ ಗಂಟೆಗೆ 100 ಕಿ.ಮೀ. ಅಂದ್ರೆ ಸೆಕೆಂಡಿಗೆ 32 ಸೆಂ.ಮೀ. ಎಷ್ಟೋ ಜನ ಅದಕ್ಕಿಂತ ಜೋರಾಗಿ ಓಡಿಸ್ತಾರೆ. ಡಿಕೋಡರ್‌ನಲ್ಲಿ ವೇಗ ಏರೋದು, ಇಳಿಯೋದು ಎಷ್ಟು ನಿಧಾನ ಅನ್ನೋ ಸೆಟ್ಟಿಂಗ್‌ಗಳಾದ ಸಿವಿ 3, ಸಿವಿ 4 ಏರಿಸಿ. ಭಾರದ ರೈಲು ನಿಧಾನಕ್ಕೆ ಹೊರಡಬೇಕು, ನಿಧಾನಕ್ಕೆ ನಿಲ್ಲಬೇಕು.

ಹಳಿಹುಚ್ಚ: 100 ಯಾಕೆ? ಇ8 ಅದಕ್ಕಿಂತ ಜೋರಾಗಿ ಓಡುತ್ತಿತ್ತು. ತುಕ್ಕು ಮಾತ್ರ ನಾನು ತೆಗೆಯಲ್ಲ.

ಮಿಣುಕುದೀಪ: ತುಕ್ಕು ಇರಲಿ ಬಿಡಿ. ಎಲ್‌ಇಡಿ ಬದಲಾಯಿಸ್ತೀರೋ ಇಲ್ವೋ?